ತಾಯಿಯನ್ನು ಬಾಗಿಲಾಚೆ ನಿಲ್ಲಿಸಬೇಡಿ

ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯಲ್ಲಿ ಹುಟ್ಟಿದ ಹಸುಗೂಸಿನ ಸ್ಥಿತಿ ಬಿಗಡಾಯಿಸಿದರೆ ಸರ್ಕಾರಿ ಚಿಕಿತ್ಸೆಗೆ ಮುಖ್ಯವಾಗಿ ಇರುವ ದಾರಿ ಎರಡು. ಸಖರಾಯಪಟ್ಟಣದ ಮೇಲೆ ಹೋಗಿ ಚಿಕ್ಕಮಗಳೂರಿನ ಜಿಲ್ಲಾ ಆಸ್ಪತ್ರೆ ಸೇರಬೇಕು, ಇಲ್ಲವೇ ಭದ್ರಾವತಿ ದಾಟಿ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಹೋಗಬೇಕು. ಕಡೂರಿನಿಂದ ಚಿಕ್ಕಮಗಳೂರು, ತರೀಕೆರೆಯಿಂದ ಶಿವಮೊಗ್ಗ ಎರಡೂ ಹೆಚ್ಚುಕಡಿಮೆ 40 ಕಿಲೊಮೀಟರ್. ಅಜ್ಜಂಪುರದವರು ಮೊದಲು ಬೀರೂರಿಗೋ ತರೀಕೆರೆಗೋ ಬಂದು ಹೆದ್ದಾರಿ ಹಿಡಿಯಬೇಕು. ಅಡಿಕೆ ಮಂಡಿಗೆ, ಮದುವೆಯ ಜವಳಿಗೆ, ಕೋರ್ಟು ಕಚೇರಿಗೆ ಜನ ದಿನಾ ಓಡಾಡುವ ದಾರಿಯೇ ಅದು, ಯಾರಿಗೂ ದೂರ ಅನ್ನಿಸುವುದಿಲ್ಲ. ಆದರೆ ಒಂದೂವರೆ ಕಿಲೊ ತೂಗುವ, ಮೈ ತಣ್ಣಗಾಗುತ್ತಿರುವ, ಹಾಲು ಚೀಪುವುದನ್ನೇ ಬಿಟ್ಟ ಕೂಸಿನ ಉಳಿವು ಅಳಿವು ಆ ಒಂದು ಗಂಟೆಯಲ್ಲೇ ತೀರ್ಮಾನವಾಗಿಬಿಡಬಹುದು.

ಆ ಕೂಸಿಗೆ ಆಗಿರುವುದನ್ನು ವೈದ್ಯರು ಸೆಪ್ಸಿಸ್ ಎನ್ನುತ್ತಾರೆ. ಮನೆಯವರು ‘ರಕ್ತಕ್ಕೆ ನಂಜೇರಿದೆಯಂತೆ, ಪೆಟ್ಟಿಗೇಲಿ ಇಟ್ಟಿದಾರೆ’ ಎಂದು ಫೋನಿನಲ್ಲಿ ಊರಿಗೆ ಸುದ್ದಿ ಮುಟ್ಟಿಸುತ್ತಾರೆ. ನಮ್ಮ ದೇಶದಲ್ಲಿ 2020ರ ಲೆಕ್ಕದಂತೆ ಹುಟ್ಟಿದ ಪ್ರತಿ 1,000 ಮಕ್ಕಳಲ್ಲಿ 20 ಮಕ್ಕಳು ಮೊದಲ 28 ದಿನ ತುಂಬುವ ಮೊದಲೇ ತೀರಿಕೊಂಡವು. ಅವಧಿಗೆ ಮುಂಚಿನ ಹೆರಿಗೆ, ಹುಟ್ಟುವಾಗಿನ ಉಸಿರುಗಟ್ಟುವಿಕೆ ಮತ್ತು ಸೋಂಕು ಈ ಸಾವುಗಳ ಮೂರು ದೊಡ್ಡ ಕಾರಣಗಳು. ಮೂರೂ ಒಂದಕ್ಕೊಂದು ಹೆಣೆದುಕೊಂಡಿವೆ. ತಿಂಗಳು ತುಂಬದೆ ಹುಟ್ಟಿದ ಮಗುವಿಗೇ ಸೋಂಕು ಬೇಗ ಅಂಟುತ್ತದೆ. ಉಸಿರಿಗೆ ನಳಿಕೆ, ಹೊಟ್ಟೆಗೆ ನಳಿಕೆ, ಕೈಗೆ ಸೂಜಿ ಎಂದು ಒಂದೊಂದು ನೆರವೂ ರೋಗಾಣುವಿಗೆ ಒಂದೊಂದು ಬಾಗಿಲು ತೆರೆಯುತ್ತದೆ.

ತಾಯಿಯ ರಕ್ತದಲ್ಲಿರುವ ರೋಗನಿರೋಧಕ ಕಾಯಗಳು ಗರ್ಭದ ಕೊನೆಯ ಮೂರು ತಿಂಗಳಲ್ಲೇ ಹೆಚ್ಚಾಗಿ ಮಾಸು ದಾಟಿ ಮಗುವನ್ನು ಸೇರುವುದು. ಏಳನೇ ತಿಂಗಳಿಗೆ ಹುಟ್ಟಿದ ಮಗುವಿಗೆ ಆ ಸಂಪತ್ತು ಪೂರ್ತಿ ದಕ್ಕಿರುವುದಿಲ್ಲ. ಅದರ ಚರ್ಮ ಎಷ್ಟು ತೆಳುವೆಂದರೆ ಒಂದು ಅಂಟುಪಟ್ಟಿ ಎಳೆದರೂ ಸಿಪ್ಪೆ ಏಳುತ್ತದೆ. ರೋಗಾಣುವಿನೊಡನೆ ಸೆಣಸುವ ಬಿಳಿ ರಕ್ತಕಣಗಳ ದಾಸ್ತಾನೂ ಕಡಿಮೆ. ಹಾಗಾಗಿ ದೊಡ್ಡವರಲ್ಲಿ ನಾಲ್ಕೈದು ದಿನ ಎಳೆಯುವ ಕಾಯಿಲೆ ಹಸುಗೂಸಿನಲ್ಲಿ ಬೆಳಗಿನಿಂದ ಸಂಜೆಯೊಳಗೆ ಮುಗಿದುಹೋಗಬಹುದು.

ಇನ್ನೂ ಕಷ್ಟವೆಂದರೆ ಕೂಸು ತನ್ನ ಕಾಯಿಲೆ ಹೇಳಿಕೊಳ್ಳುವ ಬಗೆಯೇ ಬೇರೆ. ನಾವು ಸೋಂಕೆಂದರೆ ಜ್ವರಕ್ಕಾಗಿ ಕಾಯುತ್ತೇವೆ. ಹಸುಗೂಸಿಗೆ ಜ್ವರ ಬರಬಹುದು, ಎಷ್ಟೋ ಸಲ ಅದರ ಬದಲು ಮೈಯೇ ತಣ್ಣಗಾಗುತ್ತದೆ. ನಿನ್ನೆ ಚೆನ್ನಾಗಿ ಹಾಲು ಕುಡಿದ ಮಗು ಇವತ್ತು ಮೊಲೆ ಬಾಯಿಗಿಟ್ಟರೂ ಚೀಪುವುದಿಲ್ಲ. ಉಸಿರು ನಿಮಿಷಕ್ಕೆ 60 ದಾಟುತ್ತದೆ, ಎದೆಯ ಕೆಳಭಾಗ ಒಳಕ್ಕೆ ಸೆಳೆಯುತ್ತದೆ. ಮುಟ್ಟಿ ಅಲುಗಾಡಿಸಿದರೆ ಮಾತ್ರ ಕೈಕಾಲು ಆಡಿಸುತ್ತದೆ. ಫಿಟ್ಸ್ ಬರಬಹುದು. ‘ಕೂಸು ಭಾಳ ಸಾಧು ಕಣಮ್ಮ, ಅಳೋದೇ ಇಲ್ಲ’ ಎಂದು ಬಾಣಂತನಕ್ಕೆ ಬಂದ ಹಿರಿಯರು ಮೆಚ್ಚಿಕೊಳ್ಳುವುದುಂಟು. ಹುಟ್ಟಿದ ಮೊದಲ ವಾರದಲ್ಲಿ ಇದ್ದಕ್ಕಿದ್ದಂತೆ ಸುಮ್ಮನಾದ ಮಗು ಸಾಧುವಲ್ಲ. ಅದನ್ನು ಆ ಕ್ಷಣವೇ ಆಸ್ಪತ್ರೆಗೆ ಕರೆದೊಯ್ಯಬೇಕು.

ನಂಜು ಬರುವ ಹಾದಿಗಳು ಎರಡು. ಮೊದಲ 72 ಗಂಟೆಗಳಲ್ಲಿ ಕಾಣಿಸಿಕೊಳ್ಳುವುದು ಬಹುಮಟ್ಟಿಗೆ ಹೆರಿಗೆಯ ಹೊತ್ತಿನದು. ನೀರು ಒಡೆದು 18 ಗಂಟೆ ದಾಟಿದ್ದರೆ, ತಾಯಿಗೆ ಜ್ವರವಿದ್ದರೆ, ನೀರಿನಿಂದ ದುರ್ವಾಸನೆ ಬರುತ್ತಿದ್ದರೆ, ಮತ್ತೆ ಮತ್ತೆ ಒಳಪರೀಕ್ಷೆ ಮಾಡಿದ್ದರೆ ಅಪಾಯ ಹೆಚ್ಚು. ಆಮೇಲೆ ಬರುವುದು ಮನೆಯಿಂದ ಅಥವಾ ಆಸ್ಪತ್ರೆಯಿಂದ. ಪುಸ್ತಕಗಳು ಹೀಗೆ ಅಚ್ಚುಕಟ್ಟಾಗಿ ಗೆರೆ ಎಳೆಯುತ್ತವೆ. ನಮ್ಮ ದೇಶದ ಅನುಭವ ಆ ಗೆರೆಯನ್ನು ಅಳಿಸಿಹಾಕಿದೆ. ದೆಹಲಿಯ ಮೂರು ದೊಡ್ಡ ಆಸ್ಪತ್ರೆಗಳಲ್ಲಿ 2011ರಿಂದ 2014ರವರೆಗೆ, ತೀವ್ರ ನಿಗಾ ಘಟಕ ಸೇರಿದ 13,530 ಶಿಶುಗಳನ್ನು ಗಮನಿಸಿದ ಅಧ್ಯಯನವೊಂದರಲ್ಲಿ ಸುಮಾರು ಶೇ 14ರಷ್ಟು ಮಕ್ಕಳಿಗೆ ಸೆಪ್ಸಿಸ್ ಇತ್ತು. ಅದರಲ್ಲಿ ಮೂರನೇ ಎರಡು ಭಾಗದಷ್ಟು ಮೊದಲ ಮೂರು ದಿನಗಳಲ್ಲೇ ಕಾಣಿಸಿಕೊಂಡಿತ್ತು. ಆದರೆ ರಕ್ತದಲ್ಲಿ ಬೆಳೆದ ರೋಗಾಣುಗಳಲ್ಲಿ ಅಸಿನೆಟೊಬ್ಯಾಕ್ಟರ್, ಕ್ಲೆಬ್ಸಿಯೆಲ್ಲಾಗಳೇ ಮುಂದಿದ್ದವು. ಇವು ಆಸ್ಪತ್ರೆಯ ತೇವದಲ್ಲಿ ಮನೆ ಮಾಡಿಕೊಳ್ಳುವ ಜಾತಿಯವು. ಮಗು ಹುಟ್ಟಿದ ಕೋಣೆಯಲ್ಲೇ, ಮುಟ್ಟಿದ ಮೊದಲ ಕೈಗಳಿಂದಲೇ ರೋಗಾಣು ದಾಟುತ್ತಿದೆ ಎಂಬುದು ಇದರ ಅರ್ಥ.

ಮದ್ದು ಸೋಲುತ್ತಿರುವ ಕಡೆ

ನಂಜಿನ ಅನುಮಾನ ಬಂದ ಮಗುವಿಗೆ ಮಾಡಬೇಕಾದುದು ಏನೆಂಬುದರಲ್ಲಿ ಗೊಂದಲವಿಲ್ಲ. ಮೊದಲು ಬೆಚ್ಚಗಿಡಬೇಕು, ರಕ್ತದ ಸಕ್ಕರೆ ನೋಡಬೇಕು, ಉಸಿರಿಗೆ ಆಸರೆ ಕೊಡಬೇಕು. ಆ್ಯಂಟಿಬಯೋಟಿಕ್ ಹಾಕುವ ಮುಂಚೆ ಒಂದು ಮಿಲಿಲೀಟರ್‌ನಷ್ಟು ರಕ್ತವನ್ನು ರೋಗಾಣು ಬೆಳೆಸಿ ನೋಡುವ ಕಲ್ಚರ್ ಬಾಟಲಿಗೆ ತೆಗೆಯಬೇಕು. ಒಂದೂವರೆ ಕಿಲೊ ಮಗುವಿನ ಮೈಯಲ್ಲಿರುವ ಒಟ್ಟು ರಕ್ತವೇ ಸುಮಾರು 120 ಮಿಲಿಲೀಟರ್. ಆದ್ದರಿಂದ ಆ ಒಂದು ಮಿಲಿಲೀಟರ್ ತೆಗೆಯುವುದೂ ಅಭ್ಯಾಸವಿರುವ ಕೈಗೇ ಒಗ್ಗುವ ಕೆಲಸ. ಕೂಡಲೇ ಆಂಪಿಸಿಲಿನ್ ಮತ್ತು ಜೆಂಟಾಮೈಸಿನ್ ಶುರುಮಾಡಬೇಕು. ವಿಶ್ವ ಆರೋಗ್ಯ ಸಂಸ್ಥೆ ಈಗಲೂ ಮೊದಲ ಆಯ್ಕೆಯಾಗಿ ಹೇಳುವುದು ಈ ಹಳೆಯ ಜೋಡಿಯನ್ನೇ. ಕಲ್ಚರ್‌ನಲ್ಲಿ ಏನೂ ಬೆಳೆಯದೆ, ಮಗುವೂ ಚೇತರಿಸಿಕೊಂಡಿದ್ದರೆ ಎರಡು ದಿನದಲ್ಲಿ ಮದ್ದು ನಿಲ್ಲಿಸಬೇಕು. ರೋಗಾಣು ಸಿಕ್ಕರೆ ಅದಕ್ಕೆ ನಾಟುವ ಮದ್ದಿಗೆ ಬದಲಿಸಿ 7ರಿಂದ 14 ದಿನ ಕೊಡಬೇಕು. ಮಿದುಳ ಪೊರೆಗೆ ಇಳಿದಿದ್ದರೆ ಮೂರು ವಾರದವರೆಗೂ.

ನಿಲ್ಲಿಸುವುದು ಶುರುಮಾಡುವುದಕ್ಕಿಂತ ಕಷ್ಟದ ನಿರ್ಧಾರ. ಕಲ್ಚರ್ ಮಾಡುವ ಪ್ರಯೋಗಾಲಯ ಹತ್ತಿರದಲ್ಲಿಲ್ಲದ ಕಡೆ ವೈದ್ಯರು ಕಣ್ಣುಕಟ್ಟಿದಂತೆ ಕೆಲಸ ಮಾಡಬೇಕಾಗುತ್ತದೆ. ಯಾವುದಕ್ಕೂ ಇರಲಿ ಎಂದು ಮೇಲಿನ ಮದ್ದಿಗೆ, ಅಲ್ಲಿಂದ ಇನ್ನೂ ಮೇಲಿನದಕ್ಕೆ ಏರುತ್ತಾರೆ. ಹಾಗೆ ಏರಿದ ಪ್ರತಿ ಮೆಟ್ಟಿಲಲ್ಲೂ ಆ ವಾರ್ಡಿನ ರೋಗಾಣುಗಳು ಒಂದು ಪಾಠ ಕಲಿಯುತ್ತವೆ. ಅಗತ್ಯಕ್ಕಿಂತ ಹೆಚ್ಚು ದಿನ ಮದ್ದು ಕೊಟ್ಟ ಶಿಶುವಿನಲ್ಲಿ ಶಿಲೀಂಧ್ರ ಸೋಂಕು, ಕರುಳು ಕೊಳೆಯುವ ಕಾಯಿಲೆ ಹೆಚ್ಚು. ದೆಹಲಿಯ ಅದೇ ಅಧ್ಯಯನದಲ್ಲಿ ಸಿಕ್ಕ ಅಸಿನೆಟೊಬ್ಯಾಕ್ಟರ್‌ಗಳಲ್ಲಿ ಶೇ 82 ಹಲವು ಮದ್ದುಗಳಿಗೆ ಜಗ್ಗದವು. ಇದು ಮಹಾನಗರದ ಮಾತು, ಜಿಲ್ಲಾ ಆಸ್ಪತ್ರೆಗಳು ಬೇರೆ ಎಂದು ಬಹಳ ಕಾಲ ನಾವು ಅಂದುಕೊಂಡಿದ್ದೆವು. ಆಮೇಲೆ ದೇಶದ ಐದು ಜಿಲ್ಲಾ ಆಸ್ಪತ್ರೆಗಳಲ್ಲಿ ನಡೆದ ಅಧ್ಯಯನ ಆ ನೆಮ್ಮದಿಯನ್ನೂ ಕಿತ್ತುಕೊಂಡಿತು. ಅಲ್ಲಿಯೂ ಕ್ಲೆಬ್ಸಿಯೆಲ್ಲಾ, ಅಲ್ಲಿಯೂ ಮೊದಲ ಸಾಲಿನ ಮದ್ದುಗಳ ಸೋಲು. ರಕ್ತದಲ್ಲಿ ರೋಗಾಣು ಬೆಳೆದ ಮಕ್ಕಳಲ್ಲಿ ಮೂರರಲ್ಲಿ ಒಂದರಷ್ಟು ಉಳಿಯಲಿಲ್ಲ. ಅದೇ ಆಸ್ಪತ್ರೆಯಲ್ಲಿ ಹುಟ್ಟಿದ ಮಕ್ಕಳಿಗಿಂತ ಬೇರೆಡೆ ಹುಟ್ಟಿ ಅಲ್ಲಿಗೆ ಬಂದು ದಾಖಲಾದ ಮಕ್ಕಳಲ್ಲಿ ಸೋಂಕು ಹೆಚ್ಚಾಗಿತ್ತು. ಕಡೂರಿನಿಂದ, ತರೀಕೆರೆಯಿಂದ ಆಂಬ್ಯುಲೆನ್ಸ್ ಏರುವ ಮಕ್ಕಳೂ ಈ ಎರಡನೇ ಗುಂಪಿಗೇ ಸೇರಿದವರು.

ಹೊಸ ಮದ್ದು ಬಂದೀತೆಂದು ಕಾಯುವಂತಿಲ್ಲ. ಹಳೆಯ ಫಾಸ್ಫೊಮೈಸಿನ್, ಫ್ಲೊಮೊಕ್ಸೆಫ್‌ಗಳನ್ನು ಜೋಡಿಸಿ ನವಜಾತ ಶಿಶುಗಳಿಗೆ ಕೊಟ್ಟು ನೋಡುವ ಅಂತರರಾಷ್ಟ್ರೀಯ ಪ್ರಯೋಗವೊಂದು ಆಫ್ರಿಕಾದಲ್ಲಿ ಆರಂಭವಾಗಿದೆ. ಅದರ ಫಲ ನಮ್ಮ ತಾಲ್ಲೂಕಿಗೆ ಇಳಿಯಲು ಕಾಲ ಹಿಡಿಯುತ್ತದೆ. ನಮ್ಮ ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜು ಪಾಲ್ಗೊಂಡಿದ್ದ ದೊಡ್ಡ ಪ್ರಯೋಗದ ಕತೆಯನ್ನೂ ಇಲ್ಲಿ ಹೇಳಬೇಕು. ಏಳು ದೇಶಗಳ 29,000ಕ್ಕೂ ಹೆಚ್ಚು ಗರ್ಭಿಣಿಯರಲ್ಲಿ ಅರ್ಧದಷ್ಟು ಮಂದಿಗೆ ಹೆರಿಗೆ ನೋವಿನ ಹೊತ್ತಿಗೆ ಒಂದೇ ಒಂದು ಸಲ 2 ಗ್ರಾಂ ಅಜಿತ್ರೊಮೈಸಿನ್ ಕೊಡಲಾಯಿತು. 2023ರಲ್ಲಿ ಫಲಿತಾಂಶ ಪ್ರಕಟವಾಯಿತು. ತಾಯಂದಿರ ನಂಜು ಅಥವಾ ಸಾವು ಶೇ 2.4ರಿಂದ 1.6ಕ್ಕೆ ಇಳಿದಿತ್ತು. ಮಕ್ಕಳ ನಂಜಿನಲ್ಲಿ ಮಾತ್ರ ವ್ಯತ್ಯಾಸವೇ ಇರಲಿಲ್ಲ. ತಾಯಿಗೆ ಒಳ್ಳೆಯದಾಯಿತು, ಅದು ಸಣ್ಣ ಮಾತಲ್ಲ. ಆದರೆ ಕೂಸನ್ನು ಕಾಯಲು ಮಾತ್ರೆಯ ಹಾದಿ ಸಾಲದು ಎಂಬುದೂ ಸ್ಪಷ್ಟವಾಯಿತು.

ಹಾಗಾದರೆ ಯಾವುದು ಕಾಯುತ್ತದೆ? ಶುದ್ಧವಾದ ಕೈ, ತಾಯಿಯ ಹಾಲು, ತಾಯಿಯ ಮೈ. ಹಳೆಯ ಉಪದೇಶದಂತೆ ಕೇಳಿಸಿದರೂ ಇದಕ್ಕೆ ಇವತ್ತು ಇರುವಷ್ಟು ಪುರಾವೆ ಬಹಳ ಔಷಧಗಳಿಗೂ ಇಲ್ಲ. ಕೈಯ ವಿಚಾರವನ್ನು ವಿಯೆನ್ನಾದ ಇಗ್ನಾಜ್ ಸೆಮೆಲ್‌ವೈಸ್ 1847ರಲ್ಲೇ ತೋರಿಸಿಕೊಟ್ಟಿದ್ದ. ಹೆರಿಗೆ ವಾರ್ಡಿಗೆ ಹೋಗುವ ಮುಂಚೆ ವೈದ್ಯರು ಕ್ಲೋರಿನ್ ನೀರಿನಲ್ಲಿ ಕೈ ತೊಳೆಯುವಂತೆ ಮಾಡಿದ್ದಷ್ಟಕ್ಕೇ ಬಾಣಂತಿಯರ ಸಾವು ಕುಸಿಯಿತು. ಇಂದು ನವಜಾತ ಶಿಶು ಘಟಕದಲ್ಲಿ ರೋಗಾಣುವನ್ನು ಹುಡುಕಬೇಕಾದ ಜಾಗಗಳು ಬಹಳ ಸಾಮಾನ್ಯವಾದವು. ಕೈತೊಳೆಯುವ ಸಿಂಕಿನ ಕಂಡಿ, ಆಮ್ಲಜನಕ ತೇವಗೊಳಿಸುವ ಬಾಟಲಿಯಲ್ಲಿ ನಿನ್ನೆಯಿಂದ ನಿಂತ ನೀರು, ಕಫ ಎಳೆಯುವ ನಳಿಕೆ, ಹಲವು ಮಕ್ಕಳಿಗೆ ಬಳಸುತ್ತಿರುವ ಒಂದೇ ಗ್ಲೂಕೋಸ್ ಬಾಟಲಿ, ಒಬ್ಬರಿಂದ ಒಬ್ಬರಿಗೆ ಹೋಗುವ ಸ್ಟೆತಾಸ್ಕೋಪು, ಸಿಸ್ಟರ್ ಕೈಯ ಮೊಬೈಲು. ಕ್ಲೆಬ್ಸಿಯೆಲ್ಲಾ ಕಾದು ಕೂತಿರುವುದು ಇಂಥಲ್ಲೇ.

ಅಲ್ಲಿನ ಸಿಸ್ಟರ್‌ಗಳನ್ನು ದೂರುವುದಕ್ಕೆ ಮನಸ್ಸು ಬರುವುದಿಲ್ಲ. ಕೇಂದ್ರದ ಮಾರ್ಗಸೂಚಿಯ ಆಶಯ ಒಂದು ಪಾಳಿಯಲ್ಲಿ ಮೂರ್ನಾಲ್ಕು ಹಾಸಿಗೆಗೆ ಒಬ್ಬ ಶುಶ್ರೂಷಕಿ ಇರಬೇಕೆಂಬುದು. ಮಕ್ಕಳು ತುಂಬಿ ಒಂದು ವಾರ್ಮರ್‌ನಲ್ಲಿ ಎರಡು ಕೂಸು ಮಲಗಿಸಬೇಕಾದ ರಾತ್ರಿಗಳಲ್ಲಿ ಪ್ರತಿ ಮಗುವಿನ ನಡುವೆ ಕೈ ತೊಳೆಯಿರಿ ಎಂದರೆ ಆಕೆ ಯಾವ ಹೊತ್ತಿನಲ್ಲಿ ತೊಳೆಯಬೇಕು? ಹಾಸಿಗೆಯ ಪಕ್ಕದಲ್ಲೇ ಕೈಗೆ ಹಚ್ಚುವ ಸ್ಪಿರಿಟ್ ದ್ರಾವಣ ಇರಬೇಕು, ಅದು ಮುಗಿಯದಂತೆ ನೋಡಿಕೊಳ್ಳಲು ಒಬ್ಬರು ಇರಬೇಕು. ಕೈಶುದ್ಧಿ ಬಹುಪಾಲು ಸಿಬ್ಬಂದಿ ಸಂಖ್ಯೆಯ ಪ್ರಶ್ನೆ. ಅದನ್ನು ವ್ಯಕ್ತಿಯ ಶಿಸ್ತಿನ ಪ್ರಶ್ನೆ ಮಾಡಿ ಕೈತೊಳೆದುಕೊಳ್ಳುವುದು ಆಡಳಿತಕ್ಕೆ ಸುಲಭ.

ಧಾರವಾಡದಿಂದ ಹೋದ ವೈದ್ಯೆ

ಧಾರವಾಡದಲ್ಲಿ ಬೆಳೆದು, ಹುಬ್ಬಳ್ಳಿಯಲ್ಲಿ ವೈದ್ಯಕೀಯ ಓದಿದ ಡಾ. ಆರ್ಮಿಡಾ ಫರ್ನಾಂಡಿಸ್ ಮುಂಬೈನ ಸಯಾನ್ ಆಸ್ಪತ್ರೆಯ ನವಜಾತ ಶಿಶು ವಿಭಾಗವನ್ನು ನಡೆಸಿದವರು. ಏಷ್ಯಾದ ಅತಿ ದೊಡ್ಡ ಕೊಳೆಗೇರಿಗಳಲ್ಲೊಂದಾದ ಧಾರಾವಿಯ ಪಕ್ಕದ ಆಸ್ಪತ್ರೆ ಅದು. ತೂಕ ಕಡಿಮೆಯ ಮಕ್ಕಳು ಸೋಂಕಿನಿಂದ, ಭೇದಿಯಿಂದ ಕಣ್ಣೆದುರೇ ಸಾಯುತ್ತಿದ್ದವು. ಸಲಕರಣೆ ಕಡಿಮೆ, ಸಿಬ್ಬಂದಿ ಇನ್ನೂ ಕಡಿಮೆ. ಆಗ ಅವರು ಮಾಡಿದ್ದು ಆ ಕಾಲದ ಆಸ್ಪತ್ರೆಗಳ ನಡಾವಳಿಗೆ ತೀರ ವಿರುದ್ಧವಾದದ್ದು. ಹೊರಗಿನ ಹಾಲಿನ ಪುಡಿ ಮತ್ತು ಬಾಟಲಿಯನ್ನು ವಾರ್ಡಿನಿಂದ ಹೊರಗೆ ಹಾಕಿದರು, ತಾಯಂದಿರನ್ನು ಒಳಗೆ ಕರೆದರು. ಹಾಲು ಹಿಂಡಿ ಕುಡಿಸುವುದು, ಬಟ್ಟೆ ಬದಲಿಸುವುದು, ಮಗುವನ್ನು ಬೆಚ್ಚಗಿಡುವುದು, ಉಸಿರು ನೋಡುವುದು ಎಲ್ಲವನ್ನೂ ತಾಯಿಗೇ ಕಲಿಸಿದರು. ಹತ್ತು ಮಕ್ಕಳನ್ನು ಮುಟ್ಟುವ ಒಂದು ಕೈಯ ಬದಲು ಒಂದೇ ಮಗುವನ್ನು ಮುಟ್ಟುವ ಒಂದು ಕೈ ಬಂತು. ಸೋಂಕು ಇಳಿಯಿತು, ಸಾವೂ ಇಳಿಯಿತು. ತಾಯಿಗೆ ಹಾಲು ಬಾರದ, ತಾಯಿಯೇ ಇಲ್ಲದ ಮಕ್ಕಳಿಗೆಂದು 1989ರಲ್ಲಿ ಅದೇ ಆಸ್ಪತ್ರೆಯಲ್ಲಿ ಅವರು ಎದೆಹಾಲಿನ ಬ್ಯಾಂಕ್ ತೆರೆದರು. ದೇಶದಲ್ಲಷ್ಟೇ ಅಲ್ಲ, ಏಷ್ಯಾದಲ್ಲೇ ಅದು ಮೊದಲನೆಯದು. ಸರ್ಕಾರಿ ವಲಯದಲ್ಲಿ ಅಂಥದೊಂದು ಬ್ಯಾಂಕ್ ಕರ್ನಾಟಕಕ್ಕೆ ಬಂದದ್ದು 2022ರಲ್ಲಿ, ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆಯ ‘ಅಮೃತಧಾರೆ’ಯ ಮೂಲಕ. ಕನ್ನಡ ನೆಲದ ಹೆಣ್ಣುಮಗಳೊಬ್ಬಳು ಮಾಡಿ ತೋರಿಸಿದ್ದನ್ನು ನಮ್ಮ ಸರ್ಕಾರ ಕೈಗೆತ್ತಿಕೊಳ್ಳಲು ಮೂರು ದಶಕ ಮೀರಿತು.

ಸಯಾನ್‌ನ ಹಾಲಿನ ಬ್ಯಾಂಕಿಗೂ ಮುಂಚೆ, 1978ರಲ್ಲಿ, ದಕ್ಷಿಣ ಅಮೆರಿಕದ ಕೊಲಂಬಿಯಾದಲ್ಲಿ ಇನ್ನೊಂದು ಬಡ ಆಸ್ಪತ್ರೆ ಇದೇ ಕಡೆಗೆ ಬಂದು ನಿಂತಿತ್ತು. ಬೊಗೊಟಾ ನಗರದ ಡಾ. ಎಡ್ಗರ್ ರೇ ಸನಾಬ್ರಿಯಾ ಅವರ ಬಳಿ ಸಾಕಷ್ಟು ಇನ್‌ಕ್ಯುಬೇಟರ್‌ಗಳಿರಲಿಲ್ಲ. ಒಂದೊಂದರಲ್ಲಿ ಹಲವು ಮಕ್ಕಳನ್ನು ಮಲಗಿಸಿ ಸೋಂಕು ಹಬ್ಬುತ್ತಿತ್ತು. ಅವರು ಕೂಸನ್ನು ತಾಯಿಯ ಬರಿ ಎದೆಗೆ ಕಟ್ಟಿಬಿಟ್ಟರು. ಅದೇ ಈಗಿನ ಕಾಂಗರೂ ಆರೈಕೆ. ಇದು ಬಡವರ ಆಸ್ಪತ್ರೆಯ ಬದಲಿ ವ್ಯವಸ್ಥೆ, ಮಗು ಸ್ಥಿರವಾದ ಮೇಲೆ ಮಾಡುವ ಉಪಚಾರ ಎಂದು ವೈದ್ಯಲೋಕ ಬಹಳ ವರ್ಷ ನಂಬಿತ್ತು. ಭಾರತವೂ ಸೇರಿ ಐದು ದೇಶಗಳಲ್ಲಿ, 1ರಿಂದ 1.8 ಕಿಲೊ ತೂಕದ 3,211 ಶಿಶುಗಳ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನ ಆ ನಂಬಿಕೆಯನ್ನು ತಿರುಗಿಸಿತು. ನಮ್ಮಲ್ಲಿ ಇದು ನಡೆದದ್ದು ದೆಹಲಿಯ ಸಫ್ದರ್‌ಜಂಗ್ ಆಸ್ಪತ್ರೆಯಲ್ಲಿ. ಮಗು ಸ್ಥಿರವಾಗಲೆಂದು ಕಾಯದೆ ಹುಟ್ಟಿದ ಕೂಡಲೇ ತಾಯಿಯ ಎದೆಗೆ ಕೊಟ್ಟು, ತಾಯಿಗೂ ನಿಗಾ ಘಟಕದೊಳಗೇ ಹಾಸಿಗೆ ಹಾಕಿದಾಗ 28 ದಿನದೊಳಗಿನ ಸಾವು ಶೇ 15.7ರಿಂದ 12ಕ್ಕೆ ಇಳಿಯಿತು. ಸೆಪ್ಸಿಸ್‌ನ ಅನುಮಾನವೂ ಕಡಿಮೆಯಾಯಿತು. ಪ್ರಯೋಜನ ಎದ್ದು ಕಂಡದ್ದರಿಂದ ಪ್ರಯೋಗವನ್ನು ಅವಧಿಗೆ ಮೊದಲೇ ನಿಲ್ಲಿಸಬೇಕಾಯಿತು. ತಾಯಿಯ ಚರ್ಮದಲ್ಲಿರುವ ನಿರುಪದ್ರವಿ ಜೀವಾಣುಗಳು ಮಗುವಿನ ಮೈಯಲ್ಲಿ ಮೊದಲು ನೆಲೆಸಿದರೆ ಆಸ್ಪತ್ರೆಯ ರೋಗಾಣುವಿಗೆ ಜಾಗ ಸಿಗುವುದಿಲ್ಲ ಎಂಬುದು ಇದಕ್ಕೆ ವಿಜ್ಞಾನಿಗಳು ಕೊಡುವ ವಿವರಣೆಗಳಲ್ಲೊಂದು. ಮುಂದಿನ ವರ್ಷವೇ ವಿಶ್ವ ಆರೋಗ್ಯ ಸಂಸ್ಥೆ ತನ್ನ ಶಿಫಾರಸನ್ನು ಬದಲಿಸಿತು.

ನಮ್ಮ ಕೊಪ್ಪಳ ಜಿಲ್ಲೆಯಲ್ಲಿ ಸರ್ಕಾರಿ ಆಸ್ಪತ್ರೆಗಳ ಮೂಲಕವೇ, ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯವರೂ ಕೈಜೋಡಿಸಿ, ಕಾಂಗರೂ ಆರೈಕೆಯನ್ನು ಜಿಲ್ಲೆಯಾದ್ಯಂತ ಹಬ್ಬಿಸುವ ಕೆಲಸ ನಡೆದಿದೆ. ಕೊಪ್ಪಳದಲ್ಲಿ ಆಗಬಹುದಾದದ್ದು ಕಡೂರಿನಲ್ಲಿ ಆಗದಿರಲು ಕಾರಣವೇ ಇಲ್ಲ.

ಎರಡು ಬಗೆಯ ಹೊರಗಿಡುವಿಕೆ

2023ರ ಜುಲೈನಲ್ಲಿ ತುಮಕೂರು ತಾಲ್ಲೂಕಿನ ಗೊಲ್ಲರಹಟ್ಟಿಯೊಂದರಲ್ಲಿ ಸೂತಕದ ಕಾರಣಕ್ಕೆ ಬಾಣಂತಿ ಮತ್ತು ಹಸುಗೂಸನ್ನು ಊರಾಚೆಯ ಗುಡಿಸಲಿನಲ್ಲಿ ಇರಿಸಿದ್ದರು. ಮಳೆ, ಚಳಿ. ಕೂಸಿಗೆ ಶೀತವಾಗಿ, ಆಸ್ಪತ್ರೆಗೆ ಸೇರಿಸಿದರೂ ಉಳಿಯಲಿಲ್ಲ. ರಾಜ್ಯವೆಲ್ಲ ಮರುಗಿತು. ನ್ಯಾಯಾಧೀಶರೇ ಹಟ್ಟಿಗೆ ಬಂದು ತಿಳಿಹೇಳಿದರು. ಗರ್ಭಿಣಿಯರನ್ನು, ಮುಟ್ಟಾದವರನ್ನು ಬಲವಂತದಿಂದ ಊರ ಹೊರಗಿಡುವುದು 2017ರ ಅಮಾನವೀಯ ದುಷ್ಟ ಪದ್ಧತಿಗಳ ವಿರೋಧಿ ಕಾಯ್ದೆಯ ಪ್ರಕಾರ ಅಪರಾಧ. ನಮ್ಮ ಮೂರೂ ತಾಲ್ಲೂಕುಗಳ ಸೀಮೆಯಲ್ಲಿ ಗೊಲ್ಲರಹಟ್ಟಿಗಳಿವೆ. ಅಲ್ಲಿನ ಓದಿದ ಹೆಣ್ಣುಮಕ್ಕಳು, ಆಶಾ ಕಾರ್ಯಕರ್ತೆಯರು ಈ ಪದ್ಧತಿಯನ್ನು ಒಳಗಿನಿಂದಲೇ ಪ್ರಶ್ನಿಸುತ್ತಿದ್ದಾರೆ. ಹೊರಗಿನವರ ಬೈಗುಳಕ್ಕಿಂತ ಅವರ ಮಾತಿಗೆ ಬಲ ಹೆಚ್ಚು, ಅವರ ಬೆನ್ನಿಗೆ ನಿಲ್ಲಬೇಕು.

ಆದರೆ ಹಟ್ಟಿಯವರನ್ನು ದೂಷಿಸಿ ನಾವು ಸುಮ್ಮನಾದರೆ ಅನ್ಯಾಯವಾಗುತ್ತದೆ. ಆ ಗುಡಿಸಲಿನಲ್ಲಿ ತಾಯಿ ಮಗು ಒಟ್ಟಿಗಾದರೂ ಇದ್ದರು. ಅನೇಕ ಆಸ್ಪತ್ರೆಗಳ ಶಿಶು ಘಟಕದಲ್ಲಿ ತಾಯಿಯೇ ಬಾಗಿಲಾಚೆ. ಹೆರಿಗೆಯಾದ ಮರುದಿನ, ಹೊಲಿಗೆ ಇನ್ನೂ ಹಸಿಯಿರುವಾಗ, ಕಾರಿಡಾರಿನ ಸಿಮೆಂಟಿನ ಮೇಲೆ ಚಾಪೆ ಹಾಸಿಕೊಂಡು ‘ಹಾಲು ಕೊಡೋಕೆ ಕರೀತಾರೆ’ ಎಂದು ಕಾಯುತ್ತಾಳೆ. ಸೋಂಕು ಬರುತ್ತದೆಂಬ ಕಾರಣ ಕೊಟ್ಟು ಆಕೆಯನ್ನು ಹೊರಗಿಡಲಾಗುತ್ತದೆ. ಸೋಂಕು ತಡೆಯುವವಳೇ ಆಕೆ ಎಂದು ಸಯಾನ್, ಬೊಗೊಟಾ, ಸಫ್ದರ್‌ಜಂಗ್ ಮೂರೂ ತೋರಿಸಿಕೊಟ್ಟ ಮೇಲೂ ಈ ಬಾಗಿಲು ಮುಚ್ಚಿರುವುದನ್ನು ನಾನು ಒಪ್ಪಲಾರೆ. ತಾಯಿ ಒಳಗಿರುವ ಘಟಕಗಳಿಗೆ ಕೇಂದ್ರ ಸರ್ಕಾರದ ಮಾರ್ಗಸೂಚಿಯೂ ಬಂದಿದೆ. ಬೇಕಿರುವುದು ಅದಕ್ಕೆ ತಕ್ಕ ಹಾಸಿಗೆ, ಶೌಚಾಲಯ, ಬಿಸಿ ಊಟ ಮತ್ತು ಆಕೆಗೆ ಗೌರವ.

ಮೊದಲ ಹಾಲಿನ ವಿಷಯಕ್ಕೆ ಬಂದರೆ, ಅಜ್ಜಂಪುರದವರಿಗೆ ಯಾರೂ ಪಾಠ ಹೇಳಬೇಕಿಲ್ಲ. 1929ರಿಂದ ಅಮೃತ್ ಮಹಲ್ ರಾಸುಗಳ ತಳಿ ಕೇಂದ್ರ ಇರುವ ಊರು ಅದು. ಈದ ಹಸುವಿನ ಗಿಣ್ಣುಹಾಲು ಕರುವಿನ ಹೊಟ್ಟೆಗೆ ಬೇಗ ಬೀಳಬೇಕೆಂದು ಗೊತ್ತಿಲ್ಲದ ರೈತ ಈ ಸೀಮೆಯಲ್ಲಿ ಇರಲಾರ. ದನಗಳಲ್ಲಿ ರೋಗನಿರೋಧಕ ಕಾಯ ಮಾಸಿನ ಮೂಲಕ ದಾಟುವುದೇ ಇಲ್ಲ, ಕರುವಿಗೆ ಸಿಗುವುದೆಲ್ಲ ಗಿಣ್ಣಿನಿಂದಲೇ. ಮನುಷ್ಯನ ಮಗುವಿಗೆ ಹೊಟ್ಟೆಯಲ್ಲಿದ್ದಾಗಲೇ ಒಂದು ಪಾಲು ಸಿಕ್ಕಿರುತ್ತದೆ. ಆದರೆ ಕರುಳನ್ನು, ಗಂಟಲನ್ನು ಕಾಯುವ ಇನ್ನೊಂದು ಬಗೆಯ ಕಾಯಗಳು ಬರುವುದು ತಾಯಿಯ ಹಳದಿ ಬಣ್ಣದ ಮೊದಲ ಹಾಲಿನಿಂದ. ಇಷ್ಟಿದ್ದೂ ಕೆಲವು ಮನೆಗಳಲ್ಲಿ ಆ ಹಾಲನ್ನು ಹಿಂಡಿ ಚೆಲ್ಲಿ, ಕೂಸಿನ ಬಾಯಿಗೆ ಜೇನುತುಪ್ಪವನ್ನೋ ಸಕ್ಕರೆ ನೀರನ್ನೋ ಬಿಡುತ್ತಾರೆ. ಹೊಕ್ಕುಳಿಗೆ ಅರಿಶಿನ, ಬೂದಿ, ಎಣ್ಣೆ ಹಚ್ಚುತ್ತಾರೆ. ಹೊಕ್ಕುಳ ಬಳ್ಳಿಗೆ ಏನನ್ನೂ ಹಚ್ಚದೆ ಒಣಗಲು ಬಿಡುವುದೇ ಅದಕ್ಕೆ ಮಾಡುವ ಉಪಚಾರ. ಮೈಗೆ ಎಣ್ಣೆ ಸವರುವುದು ಬೇರೆ ಮಾತು. ಕಡಿಮೆ ತೂಕದ ಮಗುವಿನ ಚರ್ಮಕ್ಕೆ ಶುದ್ಧ ಎಣ್ಣೆಯನ್ನು ಮೃದುವಾಗಿ ಹಚ್ಚಬಹುದೆಂದು ವಿಶ್ವ ಆರೋಗ್ಯ ಸಂಸ್ಥೆಯೂ ಈಗ ಹೇಳುತ್ತದೆ. ತೆಂಗು ಬೆಳೆಯುವ ಕಡೂರಿನ ಅಜ್ಜಿಯರಿಗೆ ಇದು ಸಮಾಧಾನ ತಂದೀತು. ಅದನ್ನೂ ವೈದ್ಯರನ್ನು ಕೇಳಿಯೇ ಮಾಡಬೇಕು, ಮೂಗಿಗೂ ಕಿವಿಗೂ ಎಣ್ಣೆ ಬಿಡಬಾರದು.

ತಾಲ್ಲೂಕಿನಲ್ಲೇ ಆಗಬೇಕಾದದ್ದು

ದೇಶದ ಮೊದಲ ಜಿಲ್ಲಾ ಮಟ್ಟದ ವಿಶೇಷ ನವಜಾತ ಶಿಶು ಘಟಕ 2003ರಲ್ಲಿ ಪಶ್ಚಿಮ ಬಂಗಾಳದ ಪುರುಲಿಯಾದಲ್ಲಿ ತೆರೆಯಿತು. ಅದರ ಯಶಸ್ಸು ನೋಡಿ 2011ರಲ್ಲಿ ಕೇಂದ್ರ ಸರ್ಕಾರ ಮೂರು ಹಂತದ ವ್ಯವಸ್ಥೆಗೆ ಮಾರ್ಗಸೂಚಿ ತಂದಿತು. ಹೆರಿಗೆಯಾಗುವ ಪ್ರತಿ ಕಡೆಯೂ ಶಿಶು ಆರೈಕೆಯ ಮೂಲೆ, ತಾಲ್ಲೂಕು ಮಟ್ಟದಲ್ಲಿ ಶಿಶು ಸ್ಥಿರೀಕರಣ ಘಟಕ, ಜಿಲ್ಲೆಯಲ್ಲಿ ವಿಶೇಷ ಘಟಕ. ನನ್ನ ಮಟ್ಟಿಗೆ ಇದರಲ್ಲಿ ನಡುವಿನ ಮೆಟ್ಟಿಲೇ ಮುಖ್ಯ. ಜನ ಅದನ್ನೇ ದಾಟಿ ಓಡುತ್ತಾರೆ, ಯೋಜನೆ ಮಾಡುವವರೂ ಅದನ್ನೇ ಮರೆಯುತ್ತಾರೆ. 1947ರವರೆಗೆ ಇಡೀ ಜಿಲ್ಲೆಗೆ ಹೆಸರು ಕೊಟ್ಟಿದ್ದ ಊರು ಕಡೂರು. ಅಂಥ ಊರಿನ ತಾಲ್ಲೂಕು ಆಸ್ಪತ್ರೆಯಲ್ಲಿ 1.8 ಕಿಲೊ ಮಗುವನ್ನು ತಾಯಿಯ ಎದೆಯ ಮೇಲಿಟ್ಟು, ಹಿಂಡಿದ ಹಾಲು ಕೊಟ್ಟು ಬೆಳೆಸುವುದು ಸಾಧ್ಯವಾಗಬೇಕು. ನಂಜಿನ ಅನುಮಾನ ಬಂದರೆ ಮೊದಲ ಇಂಜೆಕ್ಷನ್ ಅಲ್ಲೇ ಬೀಳಬೇಕು. ‘ನಮ್ಮಲ್ಲಾಗಲ್ಲ, ಶಿವಮೊಗ್ಗಕ್ಕೆ ಕರ್ಕೊಂಡ್ಹೋಗಿ’ ಎಂದು ಚೀಟಿ ಬರೆದು ಕಳಿಸಿದರೆ ಮದ್ದು ಸಿಗುವುದು ಒಂದೂವರೆ ಎರಡು ಗಂಟೆ ತಡವಾಗಿ.

ಆ ಚೀಟಿಯೊಡನೆ ಮಗು ಹೋಗುವ ರೀತಿಯೂ ಬದಲಾಗಬೇಕು. 2008ರಲ್ಲಿ 108 ಆರೋಗ್ಯ ಕವಚ ಬಂದ ಮೇಲೆ ಕರ್ನಾಟಕದಲ್ಲಿ ವಾಹನಕ್ಕಾಗಿ ಪರದಾಡುವುದು ಕಡಿಮೆಯಾಗಿದೆ. ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಯಲ್ಲಿ ಕಾಯಿಲೆ ಬಿದ್ದ ಶಿಶುವಿನ ಚಿಕಿತ್ಸೆ, ಮದ್ದು, ಪ್ರಯಾಣ ಎಲ್ಲವೂ ಉಚಿತ. ಆದರೆ ಮಳೆಗಾಲದ ರಾತ್ರಿ ಲಕ್ಕವಳ್ಳಿಯಿಂದಲೋ ಕೆಮ್ಮಣ್ಣುಗುಂಡಿ ತಪ್ಪಲಿನಿಂದಲೋ ಹೊರಟ ಕೂಸು ಆಸ್ಪತ್ರೆ ತಲುಪುವಾಗ ಮಂಜುಗಡ್ಡೆಯಾಗಿದ್ದರೆ ಉಚಿತ ಮದ್ದಿಗೂ ಅದನ್ನು ಎಬ್ಬಿಸುವುದು ಕಷ್ಟ. ತಣ್ಣಗಾದ ಮಗುವಿನ ಸಕ್ಕರೆ ಇಳಿಯುತ್ತದೆ, ಉಸಿರು ಸೋಲುತ್ತದೆ, ನಂಜು ಬಲಿಯುತ್ತದೆ. ತಾಯಿಗೆ ಕೂರುವ ಶಕ್ತಿಯಿದ್ದರೆ ತಾಯಿ, ಇಲ್ಲದಿದ್ದರೆ ತಂದೆಯೋ ಅಜ್ಜಿಯೋ ಕೂಸಿಗೆ ಟೊಪ್ಪಿಗೆ ಹಾಕಿ ಬರಿ ಎದೆಗೆ ಒತ್ತಿಕೊಂಡು ಮೇಲೊಂದು ಕಂಬಳಿ ಹೊದ್ದು ಕೂತರೆ ಅದಕ್ಕಿಂತ ಒಳ್ಳೆಯ ಇನ್‌ಕ್ಯುಬೇಟರ್ ಆ ರಸ್ತೆಯಲ್ಲಿ ಸಿಗಲಾರದು.

ಮನೆಗೆ ಬಂದ ಮೇಲೆ ಆಶಾ ಕಾರ್ಯಕರ್ತೆಯ ಸರದಿ. ಆಸ್ಪತ್ರೆಯಲ್ಲಿ ಹೆರಿಗೆಯಾದ ಮಗುವಿದ್ದರೆ ಆಕೆ 3, 7, 14, 21, 28 ಮತ್ತು 42ನೇ ದಿನ ಬಂದು ತೂಕ, ಮೈಬಿಸಿ, ಉಸಿರು ನೋಡಬೇಕು. ಈ ಪದ್ಧತಿಯ ಬೇರು ಮಹಾರಾಷ್ಟ್ರದ ಗಡ್‌ಚಿರೋಲಿಯಲ್ಲಿದೆ. ಡಾ. ಅಭಯ್ ಬಂಗ್ ಮತ್ತು ಡಾ. ರಾಣಿ ಬಂಗ್ ದಂಪತಿ ಅಲ್ಲಿ ಹಳ್ಳಿಯ ಹೆಣ್ಣುಮಕ್ಕಳಿಗೆ ತರಬೇತಿ ಕೊಟ್ಟು, ನಂಜಿನ ಲಕ್ಷಣ ಗುರುತಿಸಿ ಮನೆಯಲ್ಲೇ ಜೆಂಟಾಮೈಸಿನ್ ಚುಚ್ಚಲು ಕಲಿಸಿದರು. ಆಸ್ಪತ್ರೆಯೇ ಎಟುಕದ ಹಳ್ಳಿಗಳವು. 1999ರಲ್ಲಿ ಅವರು ಪ್ರಕಟಿಸಿದ ಲೆಕ್ಕದಲ್ಲಿ ನವಜಾತ ಶಿಶುಗಳ ಸಾವು, ಹೋಲಿಕೆಗೆ ಆಯ್ದ ಹಳ್ಳಿಗಳಿಗಿಂತ, ಶೇ 62ರಷ್ಟು ಇಳಿದಿತ್ತು. ನಮ್ಮಲ್ಲಿ ಆಸ್ಪತ್ರೆ ಎಟುಕುತ್ತದೆ, ಆಶಾ ಇಂಜೆಕ್ಷನ್ ಕೊಡಬೇಕಿಲ್ಲ. ಆದರೆ ಶಿಶು ಘಟಕದಿಂದ ಬಿಡುಗಡೆಯಾಗಿ ತವರಿಗೆ ಹೋದ ಬಾಣಂತಿ ಯಾವ ಆಶಾ ಕಾರ್ಯಕರ್ತೆಯ ಪಟ್ಟಿಯಲ್ಲಿದ್ದಾಳೆ? ಗಂಡನ ಮನೆ ಕಡೂರು, ತವರು ಹೊಸದುರ್ಗ ಎಂದಾದರೆ ಎರಡೂ ಕಡೆಯ ಪಟ್ಟಿಯಿಂದ ಅವಳು ಜಾರಿಹೋಗುವ ಅಪಾಯವಿದೆ. ಎರಡು ಊರಿನ ಆಶಾ ಕಾರ್ಯಕರ್ತೆಯರ ನಡುವೆ ಒಂದು ಫೋನ್ ಕರೆ ನಡೆದರೆ ಈ ಕಂದರ ಮುಚ್ಚುತ್ತದೆ. ಬಿಡುಗಡೆಯ ದಿನವೇ ಆ ಕರೆ ಮಾಡಿಸುವುದು ಆಸ್ಪತ್ರೆಯ ಜವಾಬ್ದಾರಿಯಾಗಲಿ.

ತಾಲ್ಲೂಕು ಆಸ್ಪತ್ರೆಗಳ ಆರೋಗ್ಯ ರಕ್ಷಾ ಸಮಿತಿಗೆ ಸ್ಥಳೀಯ ಶಾಸಕರೇ ಅಧ್ಯಕ್ಷರು. ಕಡೂರು, ತರೀಕೆರೆ, ಅಜ್ಜಂಪುರದ ಓದುಗರು ಮುಂದಿನ ಸಭೆಗೆ ಮುಂಚೆ ಅವರನ್ನು ಕೇಳಬೇಕು: ನಮ್ಮ ಆಸ್ಪತ್ರೆಯ ಶಿಶು ಘಟಕದಲ್ಲಿ ತಾಯಿಗೆ ಹಾಸಿಗೆ ಇದೆಯೇ? ರಾತ್ರಿ ಪಾಳಿಯಲ್ಲಿ ತರಬೇತಾದ ಸಿಸ್ಟರ್ ಎಷ್ಟು ಮಂದಿ? ಪ್ರತಿ ಹಾಸಿಗೆಯ ಪಕ್ಕ ಕೈಶುದ್ಧಿಯ ದ್ರಾವಣ ಇದೆಯೇ? ಇಲ್ಲಿಂದ ರಕ್ತದ ಕಲ್ಚರ್ ಎಲ್ಲಿಗೆ ಹೋಗುತ್ತದೆ, ವರದಿ ಎಷ್ಟು ಹೊತ್ತಿಗೆ ಬರುತ್ತದೆ? ಉತ್ತರ ಸಿಗುವವರೆಗೆ ಕೇಳುತ್ತಲೇ ಇರಿ. ಮನೆಯಲ್ಲಿ ಹಸುಗೂಸಿದ್ದು, ಅದು ಹಾಲು ಬಿಟ್ಟರೆ, ಮೈ ತಣ್ಣಗಾದರೆ, ಅಳದೆ ಸುಮ್ಮನಾದರೆ ಬೆಳಗಾಗಲಿ ಎಂದು ಕಾಯಬೇಡಿ. ಕೂಡಲೇ 108ಕ್ಕೆ ಕರೆ ಮಾಡಿ, ಕೂಸನ್ನು ಎದೆಗೊತ್ತಿಕೊಂಡು ಹೊರಡಿ.